ಕಲಿಕೆಯ ದಿನಗಳನ್ನು ಮೊದಲು ಬರೆದಿಡಿ: ಕರ್ನಾಟಕದ ಕಥೋಲಿಕ ಧರ್ಮಗುರುಗಳಿಗೊಂದು ಬಹಿರಂಗ ಪತ್ರ



ಮಕ್ಕಳ ಜ್ಞಾನಸ್ನಾನದಿಂದ ಹಿರಿಯರ ಅಂತ್ಯಸಂಸ್ಕಾರದವರೆಗೆ ಬದುಕಿನ ಪ್ರತಿ ಘಟ್ಟದಲ್ಲೂ ನಿಮ್ಮನ್ನು ನೆಚ್ಚಿಕೊಂಡಿರುವ ವಿಶ್ವಾಸಿಗಳ ಸಾಲಿನಿಂದ ಈ ಪತ್ರ ಬರೆಯುತ್ತಿದ್ದೇನೆ. ವಿಷಯ ಒಂದೇ: ಗುರುದೀಕ್ಷೆಯ ನಂತರದ ನಿಮ್ಮ ಕಲಿಕೆ. ಗುರುಮಠ ಬಿಟ್ಟು ಬಂದ ಮೇಲೆ ಓದು, ತರಬೇತಿ, ಆತ್ಮಾವಲೋಕನಗಳು ಮನಸ್ಸಿದ್ದವರು ಬಿಡುವಾದಾಗ ಮಾಡಿಕೊಳ್ಳುವ ಕೆಲಸಗಳಾಗಿಬಿಡುತ್ತವೆ. ಅವು ಹಾಗೆ ಉಳಿಯಬಾರದು ಎಂಬುದು ನನ್ನ ವಾದ. ವಾರ್ಷಿಕ ಧ್ಯಾನಕೂಟಕ್ಕೆ ದಿನಗಳನ್ನು ಮೀಸಲಿಟ್ಟು, ಯಾರು ಕರೆದರೂ ಅವನ್ನು ಬಿಟ್ಟುಕೊಡದೆ ಕಾಯ್ದುಕೊಳ್ಳುವಂತೆ, ಕಲಿಕೆಗೂ ವರ್ಷದ ಆರಂಭದಲ್ಲೇ ದಿನಗಳು ನಿಗದಿಯಾಗಬೇಕು. ಆ ದಿನಗಳನ್ನು ರಜೆ ಎಂದು ಬರೆಯದೆ ಸೇವೆ ಎಂದೇ ಬರೆಯಬೇಕು. ಇದಕ್ಕೆ ಬೇಕಾದ ಸಮಯವನ್ನು ಬಿಡಿಸಿಕೊಡುವ ಹೊಣೆ ನಮ್ಮ ಮೇಲೂ ಇದೆ. ಆದ್ದರಿಂದಲೇ ಇದನ್ನು ನಿಮಗಷ್ಟೇ ಹೇಳದೆ, ವಿಶ್ವಾಸಿಗಳೂ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ವರ್ಷಗಳ ಲೆಕ್ಕ ನೋಡೋಣ. ಧರ್ಮಸಭೆಯ ಶಾಸನದ ಪ್ರಕಾರ ಗುರುದೀಕ್ಷೆಗೆ ಕನಿಷ್ಠ 25 ವರ್ಷ ತುಂಬಿರಬೇಕು. ತತ್ತ್ವಶಾಸ್ತ್ರ, ನಡುವಿನ ಪ್ರಾಯೋಗಿಕ ವರ್ಷ, ದೇವಶಾಸ್ತ್ರ ಎಲ್ಲ ಮುಗಿಸುವ ಹೊತ್ತಿಗೆ ನಮ್ಮಲ್ಲಿ ಹಲವರಿಗೆ 28 ಆಗಿರುತ್ತದೆ. ಧರ್ಮಕೇಂದ್ರದ ಗುರುಗಳು ರಾಜೀನಾಮೆ ಸಲ್ಲಿಸಬೇಕೆಂದು ಶಾಸನ ಕೇಳಿಕೊಳ್ಳುವುದು 75ನೇ ವಯಸ್ಸಿನಲ್ಲಿ. ನಡುವೆ ಉಳಿಯುವುದು 47 ವರ್ಷ. 1990ರಲ್ಲಿ 28ರ ವಯಸ್ಸಿಗೆ ದೀಕ್ಷೆ ಪಡೆದವರು 2037ರವರೆಗೆ ಬಲಿಪೀಠದ ಮುಂದೆ ನಿಲ್ಲಬಹುದು. ಮೊಬೈಲ್ ಇನ್ನೂ ಬಾರದ ಕಾಲದಲ್ಲಿ, ಕಥೋಲಿಕ ಧರ್ಮಸಭೆಯ ಇಂದಿನ ಧರ್ಮೋಪದೇಶ ಗ್ರಂಥ ಪ್ರಕಟವಾಗುವ ಮೊದಲೇ ತರಗತಿಯಿಂದ ಹೊರಬಂದ ಒಬ್ಬರು, ಅಂದಿನ ಟಿಪ್ಪಣಿಗಳ ಬಲದ ಮೇಲೆ ಮೂರು ತಲೆಮಾರುಗಳಿಗೆ ದಾರಿ ತೋರಿಸಬೇಕು. ಗುರುಮಠ ಎಷ್ಟೇ ಚೆನ್ನಾಗಿ ಕಲಿಸಲಿ, ಅಷ್ಟು ದೀರ್ಘ ದಾರಿಗೆ ಸಾಕಾಗುವಷ್ಟು ಬುತ್ತಿಯನ್ನು ಅದು ಒಮ್ಮೆಗೇ ಕಟ್ಟಿಕೊಡಲಾರದು.

ಬದಲಾದದ್ದು ಹೊರಗಿನ ಲೋಕ ಮಾತ್ರ ಎಂದುಕೊಳ್ಳಬಾರದು, ಧರ್ಮಸಭೆಯ ಸ್ವಂತ ಕಾನೂನೇ ಬದಲಾಗಿದೆ. ವಿವಾಹ ಮೊದಲಿನಿಂದಲೂ ಅಸಿಂಧುವಾಗಿತ್ತೇ ಎಂದು ತೀರ್ಮಾನಿಸುವ ಪ್ರಕ್ರಿಯೆಯನ್ನೇ ನೋಡಿ. ಅದಕ್ಕೆ ಒಂದರ ಮೇಲೊಂದರಂತೆ ಎರಡು ಅನುಕೂಲಕರ ತೀರ್ಪುಗಳು ಬೇಕಿದ್ದವು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಅದನ್ನು ತಿದ್ದಿದರು. ಮೇಲ್ಮನವಿ ಬಾರದಿದ್ದರೆ ಒಂದೇ ತೀರ್ಪು ಸಾಕು. ಸ್ಪಷ್ಟ ಸಾಕ್ಷ್ಯವಿದ್ದು ದಂಪತಿ ಇಬ್ಬರೂ ಒಪ್ಪಿದ ಪ್ರಕರಣಗಳಲ್ಲಿ ಧರ್ಮಾಧ್ಯಕ್ಷರೇ ಕಿರು ಪ್ರಕ್ರಿಯೆಯಲ್ಲಿ ತೀರ್ಮಾನಿಸಬಹುದು. ಧರ್ಮಶಾಸನದ ಆರನೇ ಭಾಗವಾದ ದಂಡನಾ ವಿಧಿ 2021ರ ಡಿಸೆಂಬರ್ 8ರಿಂದ ಹೊಸ ರೂಪದಲ್ಲಿ ಜಾರಿಯಲ್ಲಿದೆ. ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಗಳೊಬ್ಬಳು ಧರ್ಮಕೇಂದ್ರದ ಕಚೇರಿಗೆ ಬಂದು ‘ನನ್ನ ಮದುವೆಯ ಗತಿಯೇನು, ಫಾದರ್?’ ಎಂದು ಕೇಳುವಾಗ, ಎದುರಿಗಿರುವವರು 2015ಕ್ಕೆ ಹಿಂದಿನ ಉತ್ತರ ಕೊಟ್ಟರೆ ಅವಳು ಬಾಗಿಲು ಮುಚ್ಚಿದೆ ಎಂದುಕೊಂಡು ಹಿಂದಿರುಗುತ್ತಾಳೆ. ಬಾಗಿಲು ತೆರೆದೇ ಇತ್ತೆಂದು ಅವಳಿಗೆ ಗೊತ್ತಾಗುವುದೇ ಇಲ್ಲ. ಓದದೇ ಬಿಟ್ಟ ನಾಲ್ಕು ಪುಟಗಳ ಬೆಲೆಯನ್ನು ಇಲ್ಲಿ ತೆರುವವಳು ಅವಳು.

ದೇಶದ ಕಾನೂನಿನ ವಿಷಯ ಇನ್ನೂ ಗಂಭೀರ. ನಿಮ್ಮಲ್ಲಿ ಹಲವರು ಶಾಲೆಗಳ ಕರೆಸ್ಪಾಂಡೆಂಟರು, ಹಾಸ್ಟೆಲುಗಳ ವಾರ್ಡನ್ನರು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ತಿಳಿಸದಿದ್ದರೆ 21ನೇ ಸೆಕ್ಷನ್ನಿನಡಿ ಶಿಕ್ಷೆಯಿದೆ, ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಪಾಪನಿವೇದನೆಯಲ್ಲಿ ಕೇಳಿದ್ದು ಯಾವುದು, ಕಚೇರಿಯ ಮೇಜಿನ ಮುಂದೆ ಕೇಳಿದ್ದು ಯಾವುದು, ಎರಡನೆಯದರಲ್ಲಿ ತಮ್ಮ ಹೊಣೆ ಏನು ಎಂಬುದು ಪ್ರತಿಯೊಬ್ಬ ಗುರುವಿಗೂ ಖಚಿತವಾಗಿ ತಿಳಿದಿರಬೇಕು. ಆತ್ಮಹತ್ಯೆ ನಡೆದ ಮನೆಯ ವಿಷಯವೂ ಹಾಗೆಯೇ. 1917ರ ಧರ್ಮಶಾಸನ ಉದ್ದೇಶಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು, 1983ರ ಶಾಸನ ಅವರನ್ನು ಆ ಪಟ್ಟಿಯಿಂದ ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥ ಅಂಥವರ ಮಾನಸಿಕ ಯಾತನೆಯನ್ನು ಗುರುತಿಸಿ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದು ಕಲಿಸಿತು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆನ್ನುತ್ತದೆ. ಇಷ್ಟೆಲ್ಲ ತಿಳಿದ ಗುರು ಆ ಮನೆಯ ಜಗಲಿಯಲ್ಲಿ ಆಡುವ ಮಾತಿಗೂ ತಿಳಿಯದವರು ಆಡುವ ಮಾತಿಗೂ ಇರುವ ಅಂತರವನ್ನು ಮನೆಯವರು ಬದುಕಿರುವಷ್ಟು ಕಾಲ ಹೊತ್ತಿರುತ್ತಾರೆ.

ಆದರೆ ಕಲಿಕೆ ಎಂದರೆ ಮಾಹಿತಿಯ ನವೀಕರಣವಷ್ಟೇ ಆಗಿದ್ದರೆ ನಾಲ್ಕು ಸುತ್ತೋಲೆಗಳು ಸಾಕಾಗುತ್ತಿದ್ದವು. ಗುರುವಿನ ತರಬೇತಿಗೆ ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ, ಪಾಲನಾ ಎಂಬ ನಾಲ್ಕು ಮುಖಗಳಿವೆಯೆಂದು ಜಗದ್ಗುರು ಎರಡನೆಯ ಜಾನ್ ಪಾಲರು 1992ರ ತಮ್ಮ ಪ್ರೇಷಿತ ಪ್ರಬೋಧನೆಯಲ್ಲಿ ವಿವರಿಸಿದರು. ವ್ಯಾಟಿಕನ್ ಆಡಳಿತದಲ್ಲಿ ಯಾಜಕರ ವಿಷಯ ನೋಡಿಕೊಳ್ಳುವ ವಿಭಾಗ 2016ರ ಡಿಸೆಂಬರ್ 8ರಂದು ಹೊರಡಿಸಿದ ಮಾರ್ಗಸೂಚಿ ಇನ್ನೂ ನೇರವಾಗಿ ಮಾತಾಡುತ್ತದೆ. ಕೆಲವು ವರ್ಷಗಳ ಸೇವೆಯ ನಂತರ ಗುರುಗಳಿಗೆ ಎದುರಾಗುವ ಸವಾಲುಗಳನ್ನು ಅದು ಹೆಸರಿಸಿದೆ: ಸ್ವಂತ ದೌರ್ಬಲ್ಯದ ಅನುಭವ, ಪವಿತ್ರ ಕಾರ್ಯಗಳನ್ನು ನಡೆಸಿಕೊಡುವ ನೌಕರನಾಗಿಬಿಡುವ ಅಪಾಯ, ಅಧಿಕಾರ ಮತ್ತು ಹಣದ ಸೆಳೆತ, ಬ್ರಹ್ಮಚರ್ಯದ ಕಠಿಣತೆ. ಇವು ಗುರುಮಠದ ಹುಡುಗನಿಗೆ ಪಾಠವಾಗಿ ಹೇಳಿದರೆ ಅರ್ಥವಾಗುವ ಸಂಗತಿಗಳಲ್ಲ, ನಲವತ್ತರ ನಡುವಯಸ್ಸಿನಲ್ಲಿ ಒಂಟಿ ಮನೆಯ ರಾತ್ರಿಗಳಲ್ಲಿ ಎದುರಾಗುವಂಥವು. ಆಗ ಜೊತೆಗೆ ನಿಲ್ಲುವವರು ಯಾರು? ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಸಂಸ್ಥೆಗಳು ಹೇಗೆ ಸ್ಪಂದಿಸಿದವು ಎಂದು ವರ್ಷಗಟ್ಟಲೆ ವಿಚಾರಣೆ ನಡೆಸಿದ ಆಸ್ಟ್ರೇಲಿಯಾದ ರಾಯಲ್ ಕಮಿಷನ್, 2017ರ ತನ್ನ ಅಂತಿಮ ವರದಿಯಲ್ಲಿ ಧಾರ್ಮಿಕ ಸೇವೆಯಲ್ಲಿರುವ ಪ್ರತಿಯೊಬ್ಬರೂ ತರಬೇತಾದ ಪರಿಣತರೊಡನೆ ತಮ್ಮ ಕೆಲಸವನ್ನು ನಿಯಮಿತವಾಗಿ ಅವಲೋಕಿಸಬೇಕೆಂದು ಶಿಫಾರಸು ಮಾಡಿತು. ಯಾರ ಮುಂದೆಯೂ ಮನಸ್ಸು ಬಿಚ್ಚದ, ಯಾರೂ ಪ್ರಶ್ನಿಸದ ಗುರು ತನಗೂ ಜನರಿಗೂ ಅಪಾಯವಾಗಬಲ್ಲ ಎಂಬುದನ್ನು ಆ ದೇಶದ ಧರ್ಮಸಭೆ ಬಹಳ ನೋವಿನಿಂದ ಕಲಿಯಬೇಕಾಯಿತು.

ಇದು ಹೊಸ ಕಾಲದ ಶೋಕಿ, ಕಂಪನಿಗಳಿಂದ ಎರವಲು ತಂದ ಪದ್ಧತಿ ಎಂದು ಕೆಲವರಿಗೆ ಅನ್ನಿಸಬಹುದು. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಗುರುದೀಕ್ಷೆಯ ನಂತರ ಕನಿಷ್ಠ ಮೂರು ವರ್ಷ, ಪ್ರತಿ ವರ್ಷವೂ ಧಾರ್ಮಿಕ ವಿಷಯಗಳಲ್ಲಿ ಪರೀಕ್ಷೆಗೆ ಕೂರಬೇಕೆಂದು 1917ರ ಶಾಸನವೇ ವಿಧಿಸಿತ್ತು. ನೈತಿಕ ಪ್ರಶ್ನೆಗಳನ್ನೂ ಆರಾಧನಾವಿಧಿಯನ್ನೂ ಚರ್ಚಿಸಲು ಗುರುಗಳು ವರ್ಷದಲ್ಲಿ ಹಲವು ಸಲ ಸೇರಬೇಕೆಂದೂ ಹೇಳಿತ್ತು. ಗುರುಮಠದ ವ್ಯಾಸಂಗ ಮುಗಿದ ಮೇಲೂ ತರಬೇತಿ ಮುಂದುವರಿಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ನಿರ್ಣಯಿಸಿತು. 1983ರ ಶಾಸನದ 279ನೇ ವಿಧಿ ಧಾರ್ಮಿಕ ಅಧ್ಯಯನವನ್ನು ದೀಕ್ಷೆಯ ನಂತರವೂ ಮುಂದುವರಿಸಬೇಕು, ಪಾಲನಾ ಸೇವೆಗೆ ನೆರವಾಗುವ ಇತರ ಶಾಸ್ತ್ರಗಳನ್ನೂ ತಿಳಿಯಬೇಕು ಎನ್ನುತ್ತದೆ. ಹೀಗೆ ಶತಮಾನದಿಂದ ಧರ್ಮಸಭೆ ಒಂದೇ ಮಾತನ್ನು ಹೇಳುತ್ತ ಬಂದಿದೆ. ಹೊಸದೇನಾದರೂ ಇದ್ದರೆ ಅದು ಆ ಮಾತನ್ನು ಮನಸ್ಸಿದ್ದರೆ ಪಾಲಿಸುವ ಸಲಹೆಯ ಮಟ್ಟಕ್ಕೆ ಇಳಿಸಿಕೊಂಡಿರುವುದು.

ತೊಡಕು ಎಲ್ಲಿದೆಯೆಂದು ಶಾಸನದ ಇನ್ನೊಂದು ವಿಧಿ ತೋರಿಸಿಕೊಡುತ್ತದೆ. 533ನೇ ವಿಧಿಯ ಪ್ರಕಾರ ಧರ್ಮಕೇಂದ್ರದ ಗುರುಗಳು ವರ್ಷಕ್ಕೆ ಹೆಚ್ಚೆಂದರೆ ಒಂದು ತಿಂಗಳು ರಜೆಯ ಮೇಲೆ ಹೋಗಬಹುದು, ವಾರ್ಷಿಕ ಧ್ಯಾನಕೂಟದ ದಿನಗಳು ಆ ತಿಂಗಳ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ಧ್ಯಾನಕೂಟ ರಜೆಯಲ್ಲವೆಂದು ಶಾಸನವೇ ಗೆರೆ ಎಳೆದಿದೆ. ಅದರಿಂದಲೇ ಅದು ತಪ್ಪದೆ ನಡೆಯುತ್ತದೆ, ಬದಲಿ ಗುರುಗಳ ವ್ಯವಸ್ಥೆಯಾಗುತ್ತದೆ, ಜನರೂ ಪ್ರಶ್ನಿಸುವುದಿಲ್ಲ. ಅಧ್ಯಯನಕ್ಕೆ ಕರ್ತವ್ಯವೆಂಬ ಗೌರವ ಸಿಕ್ಕಿದೆ, ಈ ಬಗೆಯ ದಿನಗಳು ಸಿಕ್ಕಿಲ್ಲ. ದಿನಗಳಿಲ್ಲದ ಕರ್ತವ್ಯ ಎಲ್ಲ ಕೆಲಸಗಳ ಕೊನೆಗೆ ಬಂದು ನಿಲ್ಲುತ್ತದೆ. ನಮ್ಮ ದೇಶದ ವೈದ್ಯರ ವೃತ್ತಿ ನಿಯಮಗಳು 2002ರಲ್ಲೇ ಐದು ವರ್ಷಕ್ಕೆ ಕನಿಷ್ಠ 30 ಗಂಟೆಗಳ ಮುಂದುವರಿದ ಶಿಕ್ಷಣ ಪಡೆಯಬೇಕೆಂದು ಗೊತ್ತುಪಡಿಸಿದವು. ಅದು ದೊಡ್ಡ ಮೊತ್ತವೇನಲ್ಲ. ಆದರೂ ಒಂದು ಸಂಖ್ಯೆ ಇದ್ದಲ್ಲಿ ಅದನ್ನು ಕೇಳುವವರು ಇರುತ್ತಾರೆ, ಮುಗಿಸಿದ್ದೇವೆಯೇ ಎಂದು ತಮ್ಮನ್ನೇ ಕೇಳಿಕೊಳ್ಳುವವರೂ ಇರುತ್ತಾರೆ. ದೇಹ ನೋಡುವವರಿಗೆ ಬೇಕಾದಷ್ಟು ಶಿಸ್ತು ಆತ್ಮಗಳ ಹೊಣೆ ಹೊತ್ತವರಿಗೂ ಬೇಡವೇ?

‘ಸಮಯವೆಲ್ಲಿದೆ?’ ಎಂಬುದು ನಿಮ್ಮ ಮೊದಲ ಆಕ್ಷೇಪ, ಅದು ನಿಜವೂ ಹೌದು. ಕಲಬುರಗಿ, ಬಳ್ಳಾರಿ, ಕಾರವಾರದಂಥ ಧರ್ಮಕ್ಷೇತ್ರಗಳಲ್ಲಿ ದೂರದ ಉಪಕೇಂದ್ರಗಳಿಗೆ ಹೋಗಿ ಬಲಿಪೂಜೆ ಅರ್ಪಿಸಿ ಬರುವಷ್ಟರಲ್ಲೇ ಭಾನುವಾರ ಮುಗಿಯುತ್ತದೆ. ಬೆಂಗಳೂರು, ಮಂಗಳೂರಿನಂಥ ಕಡೆ ಶಾಲೆಯ ಆಡಳಿತ, ಕಟ್ಟಡದ ಕೆಲಸ, ಇಲಾಖೆಗಳ ಕಡತಗಳು ದಿನವನ್ನು ನುಂಗುತ್ತವೆ. ಇದರ ಜೊತೆಗೆ ಗೃಹಪ್ರವೇಶ, ಅಂಗಡಿ ಉದ್ಘಾಟನೆ, ಹೊಸ ಕಾರಿನ ಆಶೀರ್ವಾದ, ಟೂರ್ನಮೆಂಟಿನ ಬಹುಮಾನ ವಿತರಣೆ ಎಂದು ನಾವು ಕರೆಯುತ್ತಲೇ ಇರುತ್ತೇವೆ, ಬಾರದಿದ್ದರೆ ಮುನಿಸಿಕೊಳ್ಳುತ್ತೇವೆ. ಇದಕ್ಕೆ ಪರಿಹಾರ ಆದಿ ಧರ್ಮಸಭೆಯಲ್ಲೇ ಇದೆ. ಆಹಾರ ಹಂಚಿಕೆಯ ಬಗ್ಗೆ ಗೊಣಗಾಟ ಎದ್ದಾಗ ಪ್ರೇಷಿತರು ಆ ಹೊಣೆಯನ್ನು ಏಳು ಮಂದಿಗೆ ವಹಿಸಿ, ತಾವು ಪ್ರಾರ್ಥನೆಗೂ ದೇವರ ವಾಕ್ಯದ ಸೇವೆಗೂ ಸಮಯ ಉಳಿಸಿಕೊಂಡರೆಂದು ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯ ಹೇಳುತ್ತದೆ. ಇಂದೂ ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕೆಂಬ ನಿಯಮವಿದೆ. ಲೆಕ್ಕ ಬಲ್ಲವರು, ಎಂಜಿನಿಯರುಗಳು, ನಿವೃತ್ತ ಮುಖ್ಯೋಪಾಧ್ಯಾಯರು ನಮ್ಮ ನಡುವೆ ಇದ್ದಾರೆ. ಗುರುದೀಕ್ಷೆ ಬೇಡದ ಕೆಲಸಗಳನ್ನು ನಮಗೆ ಕೊಡಿ. ಕೊಟ್ಟ ಮೇಲೆ ಬಿಡುವಾದ ಸಮಯಕ್ಕೆ ಮತ್ತೊಂದು ಕಟ್ಟಡ ಹುಡುಕಬೇಡಿ.

ಎರಡನೆಯ ಆಕ್ಷೇಪ ಹೆಚ್ಚು ಆಳವಾದದ್ದು: ಜನರಿಗೆ ಬೇಕಿರುವುದು ಪವಿತ್ರ ಗುರು, ಪಂಡಿತನಲ್ಲ, ಲ್ಯಾಟಿನ್ ಕಲಿಯಲು ಪರದಾಡಿದ ಸಂತ ಜಾನ್ ಮರಿಯ ವಿಯಾನ್ನಿಯೇ ಧರ್ಮಕೇಂದ್ರಗಳ ಗುರುಗಳೆಲ್ಲರ ಪಾಲಕ ಸಂತನಲ್ಲವೇ? ವಿಯಾನ್ನಿಯ ಬದುಕನ್ನು ಪೂರ್ತಿಯಾಗಿ ನೋಡಿದರೆ ಆ ಉದಾಹರಣೆ ನನ್ನ ವಾದದ ಪರವಾಗಿಯೇ ನಿಲ್ಲುತ್ತದೆ. 1815ರ ಆಗಸ್ಟ್‌ನಲ್ಲಿ ದೀಕ್ಷೆ ಪಡೆದಾಗ ಅವರಿಗೆ ಪಾಪನಿವೇದನೆ ಕೇಳುವ ಅಧಿಕಾರವನ್ನು ತಕ್ಷಣ ಕೊಡಲಿಲ್ಲ. ಎಕ್ಯುಲಿ ಎಂಬ ಊರಿನಲ್ಲಿ ಬಾಲೆ ಎಂಬ ಹಿರಿಯ ಗುರುವಿನ ಬಳಿ ಸಹಾಯಕರಾಗಿ ನೇಮಿಸಿದರು. ಹಿಂದೆ ಅವರಿಗೆ ಪಾಠ ಹೇಳಿದ್ದ ಆ ಹಿರಿಯರು ಒಂದೇ ಮನೆಯಲ್ಲಿ ವಾಸ, ಪ್ರಾರ್ಥನೆ, ದೇವಶಾಸ್ತ್ರದ ಓದು ಎಲ್ಲವನ್ನೂ ಮುಂದುವರಿಸಿದರು. 1817ರ ಕೊನೆಯಲ್ಲಿ ಬಾಲೆ ತೀರಿಕೊಂಡ ಮೇಲೆಯೇ, 1818ರಲ್ಲಿ, ವಿಯಾನ್ನಿ ಆರ್ಸ್ ಎಂಬ ಊರಿನ ಧರ್ಮಕೇಂದ್ರಕ್ಕೆ ಹೋದದ್ದು. ಯುರೋಪಿನ ಮೂಲೆಮೂಲೆಯ ಜನ ಪಾಪನಿವೇದನೆಗೆ ಸಾಲುಗಟ್ಟಿದ ಆ ಸಂತನ ಹಿಂದೆ ದೀಕ್ಷೆಯ ನಂತರದ ಎರಡು ವರ್ಷಗಳ ಒಡನಾಟದ ಕಲಿಕೆಯಿತ್ತು. ಪಾವಿತ್ರ್ಯ ಅಧ್ಯಯನಕ್ಕೆ ಬದಲಿಯಾಗಿ ಬರುವುದಿಲ್ಲ. ತನಗೆ ಇನ್ನೂ ತಿಳಿಯಬೇಕಾದ್ದಿದೆ ಎಂದು ಒಪ್ಪಿಕೊಳ್ಳುವ ವಿನಯದಲ್ಲಿ ಎರಡೂ ಒಟ್ಟಿಗೇ ಬೆಳೆಯುತ್ತವೆ. ಇಂದು ದೀಕ್ಷೆ ಪಡೆದ ತರುಣನನ್ನು ಸ್ವಲ್ಪ ಕಾಲದಲ್ಲೇ ಒಂಟಿಯಾಗಿ ದೂರದ ಕೇಂದ್ರವೊಂದಕ್ಕೆ ಕಳಿಸುವಾಗ, ನಾವು ವಿಯಾನ್ನಿಗೆ ಸಿಕ್ಕಿದ್ದನ್ನು ಅವನಿಗೆ ತಪ್ಪಿಸುತ್ತಿದ್ದೇವೆ.

‘ಸೆಮಿನಾರುಗಳು ನಡೆಯುತ್ತಲೇ ಇವೆ, ಅವುಗಳಿಂದ ಏನಾಯಿತು?’ ಎಂಬ ಪ್ರಶ್ನೆಯನ್ನೂ ತಳ್ಳಿಹಾಕಲಾಗದು. ಎರಡು ದಿನ ಒಬ್ಬರು ಮಾತಾಡಿ ಉಳಿದವರು ಕೇಳಿಸಿಕೊಂಡು, ಫೋಟೊ ತೆಗೆಸಿಕೊಂಡು ಮುಗಿಯುವ ಕಾರ್ಯಕ್ರಮದಿಂದ ಹೆಚ್ಚೇನೂ ಆಗದು. ಹಳೆಯ ಶಾಸನದ ಪದ್ಧತಿಯಲ್ಲಿ ಇದಕ್ಕೆ ಉತ್ತರವಿತ್ತು: ಸೇವೆಯಲ್ಲಿ ಎದುರಾಗುವಂಥ ಒಂದು ನೈಜ ಸಮಸ್ಯೆಯನ್ನು ಹೆಸರು ಮರೆಸಿ ಮುಂದಿಟ್ಟುಕೊಂಡು, ಧರ್ಮಗ್ರಂಥ, ನೀತಿಶಾಸ್ತ್ರ, ಕಾನೂನುಗಳ ಬೆಳಕಿನಲ್ಲಿ ಒಟ್ಟಿಗೆ ಬಿಡಿಸುವುದು. ಒಂದು ಡೀನರಿಯ, ಅಂದರೆ ನೆರೆಯ ಧರ್ಮಕೇಂದ್ರಗಳ ಗುಂಪಿನ, ಆರೇಳು ಗುರುಗಳು ತಿಂಗಳಿಗೊಮ್ಮೆ ಹೀಗೆ ಕೂತು, ಜೊತೆಗೆ ಊಟ ಮಾಡಿ, ಓದಿದ ಒಂದು ಪುಸ್ತಕವನ್ನು ಚರ್ಚಿಸಿದರೆ ಅದಕ್ಕೆ ದೊಡ್ಡ ಸಭಾಂಗಣವೂ ಬೇಡ, ದುಡ್ಡೂ ಬೇಡ. ಅಲ್ಲಿಗೆ ಒಮ್ಮೆ ವಕೀಲರನ್ನು, ಒಮ್ಮೆ ಮನೋವೈದ್ಯರನ್ನು, ಒಮ್ಮೆ ಹಳ್ಳಿಯ ಹೆಣ್ಣುಮಕ್ಕಳ ನಡುವೆ ದುಡಿಯುವ ಧರ್ಮಭಗಿನಿಯನ್ನು ಕರೆಯಿರಿ, ಗುರುಗಳಿಗೆ ಗುರುಗಳೇ ಕಲಿಸಬೇಕೆಂಬ ನಿಯಮವೇನೂ ಇಲ್ಲ. ಹಿರಿಯ ಗುರುಗಳು ‘ಈ ವಯಸ್ಸಿನಲ್ಲಿ ನಮಗೇನು ಪಾಠ’ ಎಂದು ಹಿಂಜರಿಯಬಾರದು. ಸಾವಿನ ಮನೆಯಲ್ಲಿ, ಒಡೆದ ಕುಟುಂಬದಲ್ಲಿ ನಿಂತು ನೀವು ಗಳಿಸಿದ ವಿವೇಕ ಯಾವ ಪಠ್ಯದಲ್ಲೂ ಇಲ್ಲ, ಕಿರಿಯರಿಗೆ ಅದು ಸಿಗುವುದು ಇಂಥ ಕೂಟದಲ್ಲಿಯೇ.

ನಮ್ಮ ನಾಡಿಗೆ ವಿಶೇಷವಾದ ಇನ್ನೊಂದು ಮಾತಿದೆ. ನಿಮ್ಮ ದೇವಶಾಸ್ತ್ರದ ವ್ಯಾಸಂಗ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ನಿಮ್ಮ ಮನೆಮಾತು ಕೊಂಕಣಿ, ತಮಿಳು, ಮಲಯಾಳ, ತೆಲುಗು, ತುಳು, ಕನ್ನಡ ಯಾವುದೂ ಆಗಿರಬಹುದು. ಪ್ರಬೋಧನೆ ಕೊಡಬೇಕಾದದ್ದು ಮಾತ್ರ ಬಹಳಷ್ಟು ಕಡೆ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಕಲಿತದ್ದು ರಾಯಚೂರಿನ ಕೂಲಿಕಾರನಿಗೂ ಕೊಡಗಿನ ತೋಟದ ಕೆಲಸಗಾರ್ತಿಗೂ ಮುಟ್ಟಬೇಕಾದರೆ ಆ ಭಾಷೆಯೊಳಗೆ ಬಾಳಬೇಕು. 17ನೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ಮೈಸೂರು ಸೀಮೆಯ ಬಿಷಪ್ ಆಗಿದ್ದ ಶಾರ್ಬೊನೊ ಅವರ ಲ್ಯಾಟಿನ್–ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ದೀಕ್ಷೆ ಪಡೆದು ಎಷ್ಟೋ ವರ್ಷಗಳಾದ ಮೇಲೂ ಅವರು ವಿದ್ಯಾರ್ಥಿಗಳಾಗಿ ಕೂತದ್ದರ ಫಲ ಇದು. ಜಗದ್ಗುರು ಫ್ರಾನ್ಸಿಸರು 2024ರ ಜುಲೈನಲ್ಲಿ ಬರೆದ ಪತ್ರವೊಂದರಲ್ಲಿ ಕಥೆ, ಕಾವ್ಯಗಳ ಓದು ಗುರುಗಳ ತರಬೇತಿಯ ಭಾಗವಾಗಬೇಕೆಂದು ಒತ್ತಿ ಹೇಳಿದ್ದಾರೆ. ನಮ್ಮಲ್ಲಿ ಅದರ ಅರ್ಥ ವಚನಗಳನ್ನೂ ಕೀರ್ತನೆಗಳನ್ನೂ ಹೊಸಗನ್ನಡದ ಕಾದಂಬರಿಗಳನ್ನೂ ಓದುವುದು. ಮಲೆನಾಡಿಗೆ ಬಂದ ಕ್ರೈಸ್ತ ಪ್ರಚಾರಕರನ್ನು ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ನೆರೆಹೊರೆಯವರ ಕಣ್ಣಿಗೆ ನಾವು ಹೇಗೆ ಕಂಡೆವು ಎಂದು ತಿಳಿಯಲು ಅಂಥ ಪುಸ್ತಕ ಕಲಿಸುವುದನ್ನು ಬೇರಾವುದೂ ಕಲಿಸದು.

ಸೌಲಭ್ಯದ ಕೊರತೆಯ ಮಾತನ್ನು ಕರ್ನಾಟಕದಲ್ಲಿ ಆಡುವುದು ಕಷ್ಟ. ವ್ಯಾಟಿಕನ್ ಮಹಾಸಭೆ ಮುಗಿದ ಎರಡೇ ವರ್ಷಕ್ಕೆ, 1967ರಲ್ಲಿ, ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿಯ ರಾಷ್ಟ್ರೀಯ ಕೇಂದ್ರ ಶುರುವಾದದ್ದು ಬೆಂಗಳೂರಿನಲ್ಲೇ. ಮಲ್ಲೇಶ್ವರದ ಸಂತ ಪೇತ್ರರ ಗುರುಮಠ, ಧರ್ಮಾರಾಮ ವಿದ್ಯಾಕ್ಷೇತ್ರ, ಮಂಗಳೂರಿನ ಜೆಪ್ಪು ಗುರುಮಠ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ನಿಮ್ಹಾನ್ಸ್ ಎಲ್ಲವೂ ಒಂದು ರಾತ್ರಿಯ ಬಸ್ ಪ್ರಯಾಣದ ದೂರದಲ್ಲಿವೆ. ಗುರುಗಳ ಸಂಖ್ಯೆ ಕಡಿಮೆಯಿರುವ ಧರ್ಮಕ್ಷೇತ್ರಗಳು ಒಂಟಿಯಾಗಿ ಮಾಡಲಾಗದ್ದನ್ನು ರಾಜ್ಯದ ಧರ್ಮಾಧ್ಯಕ್ಷರ ಮಂಡಳಿಯ ಮೂಲಕ ಒಟ್ಟಾಗಿ ಮಾಡಬಹುದು. ಬೆಂಗಳೂರು, ಮಂಗಳೂರಿನ ಗುರುಗಳು ಕೆಲವು ವಾರ ಉತ್ತರದ ಕೇಂದ್ರಗಳನ್ನು ನೋಡಿಕೊಂಡು ಅಲ್ಲಿನವರನ್ನು ಓದಿಗೆ ಕಳಿಸಿದರೆ, ಒಬ್ಬರಿಗೆ ಅಧ್ಯಯನ ಸಿಗುತ್ತದೆ, ಇನ್ನೊಬ್ಬರಿಗೆ ಬಯಲುಸೀಮೆಯ ಹಳ್ಳಿಯ ಬದುಕಿನ ಪರಿಚಯವಾಗುತ್ತದೆ. ಎರಡೂ ತರಬೇತಿಯೇ.

ಇದನ್ನೆಲ್ಲ ಹೇಳಲು ವಿಶ್ವಾಸಿಗಳಿಗೆ ಏನು ಅಧಿಕಾರ ಎಂದು ಯಾರಾದರೂ ಕೇಳಿದರೆ, ಧರ್ಮಶಾಸನದ 212ನೇ ವಿಧಿ ಉತ್ತರಿಸುತ್ತದೆ: ಧರ್ಮಸಭೆಯ ಒಳಿತಿಗೆ ಸಂಬಂಧಿಸಿದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ಗೌರವದಿಂದ ತಿಳಿಸುವ ಹಕ್ಕು, ಕೆಲವೊಮ್ಮೆ ಕರ್ತವ್ಯವೂ, ವಿಶ್ವಾಸಿಗಳಿಗಿದೆ. ಇದು ನಿಮ್ಮ ಮೇಲಿನ ದೂರೂ ಅಲ್ಲ, ನಿಮ್ಮನ್ನು ಪರೀಕ್ಷೆಗೆ ಕೂರಿಸುವ ಹಟವೂ ಅಲ್ಲ. ನಡುರಾತ್ರಿ ಕರೆದರೂ ರೋಗಿಯ ಬಳಿಗೆ ಬರುವ ನಿಮ್ಮ ತ್ಯಾಗವನ್ನು ಬಲ್ಲವರೇ ಹೀಗೆ ಕೇಳುತ್ತಿದ್ದೇವೆ. ನೀವು ದಣಿದು ಬತ್ತಿಹೋಗದೆ, ಒಂಟಿಯಾಗದೆ, ಎಪ್ಪತ್ತರಲ್ಲೂ ಹೊಸ ಪುಸ್ತಕವೊಂದನ್ನು ಬಿಡಿಸುವ ಉತ್ಸಾಹ ಉಳಿಸಿಕೊಂಡಿರಬೇಕೆಂಬುದು ನಮ್ಮ ಆಸೆ.

ಆದ್ದರಿಂದ ಕೋರಿಕೆ ಸ್ಪಷ್ಟವಾಗಿರಲಿ. ಮುಂದಿನ ವರ್ಷದ ಕಾರ್ಯಕ್ರಮ ಪಟ್ಟಿ ಸಿದ್ಧಪಡಿಸುವಾಗ, ಹಬ್ಬಗಳನ್ನೂ ಜುಬಿಲಿಗಳನ್ನೂ ಸೇರಿಸುವ ಮೊದಲು ಪ್ರತಿ ಗುರುವಿಗೂ ವರ್ಷಕ್ಕೆ ಕನಿಷ್ಠ ಹತ್ತು ದಿನ ಅಧ್ಯಯನಕ್ಕೆಂದು ಬರೆದಿಡಿ, ಅದನ್ನು ರಜೆಯ ಲೆಕ್ಕದಿಂದ ಹೊರಗಿಡಿ. ದೀಕ್ಷೆಯ ಮೊದಲ ಐದು ವರ್ಷ ಪ್ರತಿಯೊಬ್ಬ ತರುಣ ಗುರುವಿನ ಜೊತೆಗೂ ಒಬ್ಬ ಹಿರಿಯ ಗುರು ಇರುವಂತೆ ನೇಮಕಗಳನ್ನು ಮಾಡಬೇಕೆಂದು ಧರ್ಮಾಧ್ಯಕ್ಷರನ್ನು ಕೇಳಿಕೊಳ್ಳಿ. ತಿಂಗಳಿಗೊಮ್ಮೆ ಡೀನರಿಯ ಅಧ್ಯಯನ ಕೂಟ ತಪ್ಪದೆ ನಡೆಯಲಿ. ಹದಿನೈದು ವರ್ಷ ದುಡಿದವರಿಗೆ ಕೆಲವು ತಿಂಗಳ ಪೂರ್ಣ ಅಧ್ಯಯನದ ಅವಕಾಶ ಸಿಗಲಿ. ಆ ದಿನಗಳಲ್ಲಿ ಬೆಳಗಿನ ಬಲಿಪೂಜೆ ಇಲ್ಲವಾದರೆ ನಾವು ವಾಕ್ಯಪ್ರಾರ್ಥನೆಗೆ ಸೇರುತ್ತೇವೆ, ಲೆಕ್ಕಪತ್ರ, ಕಟ್ಟಡ, ಕಡತಗಳನ್ನು ನೋಡಿಕೊಳ್ಳುತ್ತೇವೆ, ‘ಫಾದರ್ ಎಲ್ಲಿ?’ ಎಂದು ಕೇಳಿದವರಿಗೆ ‘ಕಲಿಯಲು ಹೋಗಿದ್ದಾರೆ’ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಇಷ್ಟನ್ನು ಪ್ರತಿ ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದಿನ ಸಭೆಯಲ್ಲೇ ಚರ್ಚೆಗೆ ತನ್ನಿ. ಅಲ್ಲಿ ನಿಮ್ಮ ಪರವಾಗಿ ಕೈ ಎತ್ತುವವರು ನೀವು ಎಣಿಸಿದ್ದಕ್ಕಿಂತ ಹೆಚ್ಚಿರುತ್ತಾರೆ.

ಗೌರವ ಮತ್ತು ಪ್ರೀತಿಯಿಂದ,
ನಿಮ್ಮ ಪ್ರಾರ್ಥನೆಯನ್ನು ನೆಚ್ಚಿಕೊಂಡಿರುವ ವಿಶ್ವಾಸಿ